ಕಾರವಾರದ ಅಕ್ಕೋರು, ರೋಮಿನ ಪೋಪ್

ಕಾರವಾರದ ರೈಲು ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಯಿಂದ ದೂರ. ಆಟೋ ಹತ್ತುವ ಮೊದಲೇ ದುಡ್ಡು ಮಾತಾಡಿಕೊಳ್ಳಿ. ರೂಮ್ ಬುಕ್ ಮಾಡಿದ್ದರೂ ಹಿಂದಿನ ದಿನ ಫೋನ್ ಮಾಡಿ ಕೇಳಿ. 2025ರ ಈಸ್ಟರ್ ರಜೆಯಲ್ಲಿ ನಾವು ಹೋದಾಗ, ಮುಂಗಡ ಕೊಟ್ಟಿದ್ದ ರೂಮನ್ನು ಲಾಡ್ಜಿನವರು ಬೇರೆ ಯಾರಿಗೋ ಕೊಟ್ಟು ಕೂತಿದ್ದರು. "ರಶ್ ಇದೆ ಸಾರ್" ಅಂದರು, ಅಷ್ಟೇ. ಒಂದು "ಸಾರಿ" ಕೂಡ ಅನ್ನಲಿಲ್ಲ. ಮುಂಗಡ ಇವತ್ತಿಗೂ ವಾಪಸ್ ಬಂದಿಲ್ಲ.

ಸದಾಶಿವಗಡ, ದೇವಬಾಗ ಎಲ್ಲ ನೋಡಿದೆವು. ಚೆನ್ನಾಗಿವೆ. ಕಡಲತೀರದ ಚಪಲ್ ಯುದ್ಧನೌಕೆಯನ್ನು ನನ್ನ ಗೆಳೆಯ ಬಾಯಿ ಬಿಟ್ಟುಕೊಂಡು ನೋಡಿದ. ನನಗೆ ಬೋರಾಯಿತು. ಅದಕ್ಕಿಂತ ಖಾನಾವಳಿಯ ಬಂಗಡೆ ಸಾರು, ಸೋಲ್ ಕಡಿಯೇ ಜಾಸ್ತಿ ಇಷ್ಟವಾಯಿತು.

ಸೋಮವಾರ, ಏಪ್ರಿಲ್ 21ರ ಮಧ್ಯಾಹ್ನ, ಅಂಥದೇ ಊಟಕ್ಕೆ ಕೂತಿದ್ದಾಗ ಟಿವಿಯಲ್ಲಿ ಸುದ್ದಿ ಬಂತು. ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಎದುರಿನ ಮೇಜಿನಲ್ಲಿದ್ದ ಮುದುಕರೊಬ್ಬರು ಅರ್ಧ ಊಟಕ್ಕೇ ಎದ್ದು ಕೈ ತೊಳೆದು, ಶಿಲುಬೆ ಗುರುತು ಮಾಡಿ, ದುಡ್ಡು ಕೊಟ್ಟು ಹೋದರು. ಮೀನು ತಟ್ಟೆಯಲ್ಲೇ ಉಳಿಯಿತು. ನನಗೂ ಆಮೇಲೆ ಊಟ ಸೇರಲಿಲ್ಲ.

ಸಂಜೆ ಗೆಳೆಯನನ್ನು ಬೀಚಿಗೆ ಕಳಿಸಿ ಹತ್ತಿರದ ಒಂದು ಇಗರ್ಜಿಗೆ ಹೋದೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಪೋಪ್ ಫೋಟೋ, ಅದಕ್ಕೆ ಅಬ್ಬಲಿಗೆ ಮಾಲೆ. ಕಡಲ ಗಾಳಿಗೆ ಮೇಣದಬತ್ತಿ ನಿಲ್ಲುತ್ತಿರಲಿಲ್ಲ. ವಯಸ್ಸಾದ ಹೆಂಗಸೊಬ್ಬರು ನೀರಿನ ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಒಂದೊಂದನ್ನೇ ಬತ್ತಿಗೆ ಮುಚ್ಚುತ್ತಿದ್ದರು. ಕತ್ತರಿ ಮೊಂಡಾಗಿತ್ತು. ನಾನು ಬಾಟಲಿ ಹಿಡಿದುಕೊಂಡೆ. ಮಾತು ಶುರುವಾಯಿತು. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತರಾದವರು. ಮನೆ ಮಾತು ಕೊಂಕಣಿ.

"ನಾಲ್ಕು ದಿನದ ಹಿಂದೆ ಜೈಲಿಗೆ ಹೋಗಿದ್ರು, ನೋಡಿದ್ಯಾ ತಮಾ?" ಎಂದರು. ನಿಜ. ಏಪ್ರಿಲ್ 17, ಪವಿತ್ರ ಗುರುವಾರ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ದಿನ. ಅಷ್ಟು ಕಾಯಿಲೆಯಲ್ಲೂ ರೋಮಿನ ರೆಜಿನಾ ಚೇಲಿ ಜೈಲಿಗೆ ಹೋಗಿ ಕೈದಿಗಳನ್ನು ಕಂಡು ಬಂದಿದ್ದರು. ಪೋಪ್ ಆದ ವರ್ಷ, 2013ರಲ್ಲಿ, ಬಾಲಾಪರಾಧಿಗಳ ಜೈಲಿನಲ್ಲಿ ಹನ್ನೆರಡು ಕೈದಿಗಳ ಕಾಲು ತೊಳೆದಿದ್ದರು. ಆ ಹನ್ನೆರಡು ಜನರಲ್ಲಿ ಮುಸ್ಲಿಂ ಹುಡುಗಿಯೂ ಇದ್ದಳು. ಈ ಸಲ ಬಗ್ಗಿ ಕಾಲು ತೊಳೆಯುವ ಶಕ್ತಿ ಇರಲಿಲ್ಲ.

ಜೈಲು ಎಂದಾಗ ನನಗೆ ಪೋಪ್ ಎರಡನೇ ಜಾನ್ ಪಾಲ್ ನೆನಪಾದರು. 1981ರ ಮೇ 13ರಂದು ಅವರಿಗೆ ಗುಂಡು ಹೊಡೆದವನು ಮೆಹ್ಮೆತ್ ಅಲಿ ಅಗ್ಜಾ. 1983ರ ಡಿಸೆಂಬರಿನಲ್ಲಿ ಪೋಪ್ ಅವನ ಸೆಲ್ಲಿಗೇ ಹೋಗಿ, ಪಕ್ಕದಲ್ಲಿ ಕೂತು ಮಾತಾಡಿದರು. ಕ್ಷಮಿಸಿದರೂ ಕಾನೂನು ಬಿಡಲಿಲ್ಲ. ಇಟಲಿ ಅವನನ್ನು ಬಿಟ್ಟಿದ್ದು 2000ದಲ್ಲಿ. ಅಕ್ಕೋರಿಗೆ ಅದನ್ನು ಹೇಳಿದೆ.

"ಅವರಿಬ್ರೂ ಕೂತ ಫೋಟೋ ಪೇಪರಿಂದ ಕತ್ತರಿಸಿ ಗೋಡೆಗೆ ಹಚ್ಚಿದ್ದೆ" ಎಂದರು ಅಕ್ಕೋರು. "ಆದ್ರೆ ನನಗೆ ಇವರೇ ಹೆಚ್ಚು. ಚಿಲಿ ದೇಶದ ಕತೆ ಗೊತ್ತಲ್ಲ?"

ಗೊತ್ತಿತ್ತು. ಪಾದ್ರಿಯೊಬ್ಬ ಹುಡುಗರ ಮೇಲೆ ಮಾಡಿದ ದೌರ್ಜನ್ಯವನ್ನು ಮುಚ್ಚಿಟ್ಟರು ಎಂಬ ಆರೋಪ ಬಿಷಪ್ ಬಾರೋಸ್ ಮೇಲಿತ್ತು. 2018ರ ಜನವರಿಯಲ್ಲಿ ಚಿಲಿಗೆ ಹೋದ ಫ್ರಾನ್ಸಿಸ್, ಸಾಕ್ಷಿ ಇಲ್ಲ, ಇದು ಅಪಪ್ರಚಾರ ಎಂದುಬಿಟ್ಟರು. ಆಮೇಲೆ ತನಿಖೆಗೆ ಜನ ಕಳಿಸಿದರು. ಏಪ್ರಿಲಿನಲ್ಲಿ ತನ್ನಿಂದ ದೊಡ್ಡ ತಪ್ಪಾಯಿತು ಎಂದು ಪತ್ರ ಬರೆದರು. ನೊಂದವರಲ್ಲಿ ಮೂವರನ್ನು ರೋಮಿಗೆ ಕರೆಸಿ, ತಾನಿರುವ ವಸತಿಗೃಹದಲ್ಲೇ ಉಳಿಸಿಕೊಂಡು ಕ್ಷಮೆ ಕೇಳಿದರು. ಜೂನಿನಲ್ಲಿ ಬಾರೋಸ್ ರಾಜೀನಾಮೆ ಒಪ್ಪಿಕೊಂಡರು.

ನಾನು ಸುಮ್ನಿರಲಿಲ್ಲ. "2015ರಲ್ಲಿ ಬಾರೋಸ್ ಅವರನ್ನು ಚಿಲಿಯ ಒಸೊರ್ನೊಗೆ ಬಿಷಪ್ ಮಾಡಿದಾಗಲೇ ಜನ ಕೂಗಾಡಿದ್ದರಲ್ಲ ಅಕ್ಕೋರೆ. ಮೂರು ವರ್ಷ ಕೇಳಿಸಲಿಲ್ವಾ?" ನೊಂದವರ ಮಾತನ್ನು ಅಪಪ್ರಚಾರ ಎಂದದ್ದು ಮಾತ್ರ ನನಗೆ ಈಗಲೂ ಒಪ್ಪಿಗೆಯಿಲ್ಲ.

"ತಡ ಆಯ್ತು. ಇಲ್ಲ ಅನ್ನೋದಿಲ್ಲ" ಎಂದರು. "ಆದ್ರೆ ಕ್ಷಮಿಸುವವನು ಮೇಲೆ ನಿಂತಿರ್ತಾನೆ ತಮಾ. ಕೇಳುವವನು ಕೆಳಗಿಳೀಬೇಕು. ಕುರ್ಚಿ ಮೇಲಿದ್ದವರು ಇಳಿಯೋದನ್ನ ನಾನು ನೋಡಿದ್ದು ಕಡಿಮೆ. ನಮ್ಮ ಹೆಡ್‌ಮಾಸ್ತರರೂ ಇಳೀಲಿಲ್ಲ, ನಾನೂ ಇಳೀಲಿಲ್ಲ."

"ನೀವಾ?"

ಕತ್ತರಿ ಕೆಳಗಿಟ್ಟರು. ಅವರ ಅಪ್ಪ ಯಾವಾಗಲೋ ಗಡಿ ಕಲ್ಲು ಸರಿಸಿದ್ದರಂತೆ. ಪಕ್ಕದ ಮನೆಯವರ ಎರಡು ತೆಂಗಿನಮರ ಇವರ ಕಡೆಗೆ ಬಂದವು. ಜಗಳವಾಯಿತು, ಮಾತು ನಿಂತಿತು. ಅಪ್ಪ ಹೋದ ಮೇಲೆ ಸರ್ವೆ ಮಾಡಿಸಿದಾಗ ತಪ್ಪು ತಮ್ಮದೇ ಎಂದು ತಿಳಿಯಿತು. ಮರ ಬಿಟ್ಟುಕೊಟ್ಟರು. ಆದರೆ ತಪ್ಪಾಯಿತು ಎಂಬ ಮಾತು ಮಾತ್ರ ಬಾಯಿಂದ ಬರಲಿಲ್ಲ.

"ಅಷ್ಟು ವರ್ಷ ಆ ಕಾಯಿ ತುರಿದೇ ಸಾರು ಮಾಡಿದೀನಿ ನೋಡು. ಅಗ್ಜಾ ಜೈಲಲ್ಲಿದ್ದ, ಪೋಪ್ ಒಂದಿನ ಹೋಗಿ ಬಂದ್ರು. ನಮಗೆ ದಿನಾ ಬೆಳಿಗ್ಗೆ ಬೇಲಿ ಆಚೆಗೆ ಮುಖ ಕಾಣ್ತದೆ."

"ಈಗಲೂ ಕೇಳಬಹುದಲ್ಲ?"

"ಈ ತಪಸ್ಸು ಕಾಲದಲ್ಲಿ ಕೇಳ್ಬೇಕು ಅಂತಿದ್ದೆ. ನಲವತ್ತು ದಿನ ಮುಗಿದು ಈಸ್ಟರೂ ಆಗೋಯ್ತು" ಎಂದು ನಕ್ಕರು. "ನೀನು ಆ ಬಾಟಲಿ ಸರಿಯಾಗಿ ಹಿಡಿ."