ಸ್ಪ್ಯಾನಿಷ್ ಕಲಿಯೋಕೆ ನಡುವೆ ಇಂಗ್ಲಿಷ್ ಯಾಕೆ?

ತುಮಕೂರಿಂದ ದಿನಾ ರೈಲು ಹಿಡಿದು ಬೆಂಗಳೂರಿಗೆ ಹೋಗಿಬರುವವರಲ್ಲಿ, ಕೋಲಾರ, ಚಿಕ್ಕಬಳ್ಳಾಪುರದಿಂದ ಶಿಫ್ಟಿಗೆ ಹೋಗುವವರಲ್ಲಿ ಈಗ ಸ್ಪ್ಯಾನಿಷ್ ಕಲಿಯುವವರು ಸಿಗುತ್ತಾರೆ. ಕಾರಣ ಸರಳ, ಮೆಕ್ಸಿಕೊ, ಕೊಲಂಬಿಯಾ, ಸ್ಪೇನ್ ಗ್ರಾಹಕರ ಕೆಲಸ. ಆದರೆ ಎಲ್ಲರೂ ಕಲಿಯೋದು ಇಂಗ್ಲಿಷ್ ಮೂಲಕ. ಆ್ಯಪ್ ಇಂಗ್ಲಿಷಲ್ಲಿ, ಪುಸ್ತಕ ಇಂಗ್ಲಿಷಲ್ಲಿ, ಕ್ಲಾಸೂ ಇಂಗ್ಲಿಷಲ್ಲಿ. ಹಾಗಾಗಿ ಇಂಗ್ಲಿಷಿನವರು ಮಾಡುವ ತಪ್ಪುಗಳನ್ನೇ ನಾವೂ ಮಾಡ್ತೀವಿ. ಅದರಲ್ಲಿ ಅರ್ಧಕ್ಕರ್ಧ ತಪ್ಪು ಕನ್ನಡದವರು ಮಾಡಬೇಕಾದ್ದೇ ಇಲ್ಲ.

ಮೊದಲು 'ನನಗೆ' ಅನ್ನೋ ಪದದಿಂದಲೇ ಹಿಡಿಯೋಣ. ಹಸಿವು, ಬಾಯಾರಿಕೆ, ಸೆಕೆ, ನಿದ್ದೆ, ಭಯ, ಅವಸರ ಇವೆಲ್ಲ ಕನ್ನಡದಲ್ಲಿ ನಾಮಪದ. 'ನನಗೆ ಹಸಿವು' ಅಂತೀವಿ, 'ನಾನು ಹಸಿವು' ಅನ್ನಲ್ಲ. ಸ್ಪ್ಯಾನಿಷಲ್ಲೂ ಇವು ನಾಮಪದಗಳೇ. ಮುಂದೆ 'ತೇಂಗೊ' (ನನ್ನ ಹತ್ತಿರ ಇದೆ) ಸೇರಿಸಿದರೆ ಆಯ್ತು: ತೇಂಗೊ ಆಂಬ್ರೆ (ಹಸಿವು), ತೇಂಗೊ ಸೇದ್ (ಬಾಯಾರಿಕೆ), ತೇಂಗೊ ಕಲೋರ್ (ಸೆಕೆ), ತೇಂಗೊ ಸ್ವೇಞೊ (ನಿದ್ದೆ), ತೇಂಗೊ ಮ್ಯೇದೊ (ಭಯ), ತೇಂಗೊ ಪ್ರೀಸ (ಅವಸರ). ವಯಸ್ಸೂ ಹಾಗೇ. 'ನನಗೆ 25 ವರ್ಷ' ಅನ್ನೋಕೆ 'ತೇಂಗೊ 25 ಆಞೊಸ್'. ಇಂಗ್ಲಿಷ್ ದಾರೀಲಿ ಬಂದವರು ಇಲ್ಲಿ 'ನಾನು ಆಗಿದ್ದೇನೆ' ಅನ್ನೋ ಕ್ರಿಯಾಪದ ಹುಡುಕುತ್ತಾರೆ. ಸೆಕೆ ಆಗ್ತಿದೆ ಅನ್ನೋಕೆ 'ಎಸ್ತೋಯ್ ಕಲ್ಯೇಂತೆ' ಅಂದುಬಿಡುತ್ತಾರೆ. ಅದರ ಅರ್ಥ ಕಾಮಾತುರ ಆಗಿದೆ ಅಂತ. ಏಪ್ರಿಲ್ ತಿಂಗಳಲ್ಲಿ ಗ್ರಾಹಕರ ಜೊತೆ ಹವಾಮಾನ ಮಾತಾಡುವಾಗ ಇದೊಂದು ಬಾಯಿಂದ ಬರದಿದ್ದರೆ ಸಾಕು.

'ನನಗೆ' ಅನ್ನೋದರ ಇನ್ನೊಂದು ಗುಂಪಿಗೆ ತೇಂಗೊ ಬರಲ್ಲ, 'ಮೆ' ಬರುತ್ತೆ. ನನಗೆ ಇಷ್ಟ, ಮೆ ಗೂಸ್ತ. ನನಗನ್ಸುತ್ತೆ, ಮೆ ಪರೇಸೆ. ನನಗೆ ತಲೆ ನೋಯ್ತಿದೆ, ಮೆ ದ್ವೇಲೆ ಲ ಕಬೇಸ. ಇಲ್ಲಿ ನೋಯೋದು ತಲೆ, ಇಷ್ಟವಾಗೋದು ಹಣ್ಣು, ಆದ್ದರಿಂದ ಕ್ರಿಯಾಪದ ಅದಕ್ಕೆ ಹೊಂದಿಕೊಳ್ಳುತ್ತೆ. ಒಂದಕ್ಕಿಂತ ಹೆಚ್ಚಿದ್ದರೆ ಕೊನೆಗೆ 'ನ್' ಸೇರಿಸಿ: ಕಾಲುಗಳು ನೋಯುತ್ತಿದ್ದರೆ ಮೆ ದ್ವೇಲೆನ್ ಲೊಸ್ ಪ್ಯೇಸ್, ಶ್ರೀನಿವಾಸಪುರದ ಮಾವಿನಹಣ್ಣು ಇಷ್ಟ ಅನ್ನೋಕೆ ಮೆ ಗೂಸ್ತನ್ ಲೊಸ್ ಮಾಂಗೊಸ್. 'ಯೊ ಗೂಸ್ತೊ' ಅಂತ ಬರೆಯುವವರು ಇಂಗ್ಲಿಷಲ್ಲಿ ಯೋಚನೆ ಮಾಡಿದ್ದಾರೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಗಡಿ ಕಡೆ ತೆಲುಗು ಮಾತಾಡುವವರಿಗೂ ಇದು ಸಲೀಸು, 'ನಾಕು ಇಷ್ಟಂ' ಅನ್ನೋದೂ ಇದೇ ಅಚ್ಚು.

ಇದೇ ಸಾಲಿನಲ್ಲಿ ಬರೋದು 'ಮರೆತೋಯ್ತು', 'ಕೈತಪ್ಪಿ ಬಿದ್ದೋಯ್ತು'. ನಾನು ಮರೆತೆ, ನಾನು ಬೀಳಿಸಿದೆ ಅಂತ ಮೈಮೇಲೆ ಹಾಕಿಕೊಳ್ಳದೆ ಅದಾಗದೇ ಆಯ್ತು ಅನ್ನುವ ಧಾಟಿ. ಸ್ಪ್ಯಾನಿಷಲ್ಲಿ ಅದು 'ಸೆ ಮೆ ಒಲ್ಬಿದೋ', 'ಸೆ ಮೆ ಕಯೋ'. ದಿನಬಳಕೆಯಲ್ಲಿ ಸಹಜವಾಗಿ ಕೇಳಿಸೋದು ಇದೇ ರೂಪ.

ಇನ್ನು ಹಾರೈಕೆಯ ಮಾತು. ನನ್ನ ಪ್ರಕಾರ ಕನ್ನಡದವರಿಗೆ ಸ್ಪ್ಯಾನಿಷಲ್ಲಿ ಸಿಗುವ ದೊಡ್ಡ ಲಾಭ ಇಲ್ಲಿದೆ. ಸಬ್‌ಜಂಕ್ಟಿವ್ ಅನ್ನೋ ರೂಪವನ್ನು ಪಠ್ಯಪುಸ್ತಕಗಳು ಬಹಳ ತಡವಾಗಿ ಕಲಿಸುತ್ತವೆ, ಅದೇನೋ ದೊಡ್ಡ ಬೆಟ್ಟ ಅನ್ನೋ ಹಾಗೆ. ಕನ್ನಡದವರು ಮಾತಿಗೆ ಮೊದಲು ಅದನ್ನೇ ಬಳಸ್ತೀವಿ: ಒಳ್ಳೇದಾಗಲಿ, ಬೇಗ ವಾಸಿಯಾಗಲಿ, ಮಳೆ ಬರಲಿ. ಆ '-ಲಿ' ಇದ್ದಲ್ಲಿ 'ಕೆ' ಹಾಕಿ, ಕ್ರಿಯಾಪದದ ಕೊನೆಯ ಸ್ವರ ಬದಲಿಸಿ. ಹೊರಟವರಿಗೆ 'ಕೆ ತೆ ಬಾಯ ಬ್ಯೇನ್', ಒಳ್ಳೇದಾಗಲಿ. ಹುಷಾರಿಲ್ಲದವರಿಗೆ 'ಕೆ ತೆ ಮೆಹೋರೆಸ್'. ರಾತ್ರಿ ಮಲಗಲು ಹೋಗುವವರಿಗೆ 'ಕೆ ದೆಸ್ಕಾನ್ಸೆಸ್'. ಊಟಕ್ಕೆ ಕೂತವರಿಗೆ ಸ್ಪೇನಲ್ಲಿ 'ಕೆ ಅಪ್ರೊಬೇಚೆ', ಮೆಕ್ಸಿಕೊದಲ್ಲಿ 'ಬ್ವೇನ್ ಪ್ರೊಬೇಚೊ'. ಮೆಕ್ಸಿಕೊದಲ್ಲಿ ಹೋಟೆಲಿಂದ ಎದ್ದು ಹೋಗುವಾಗ ಪಕ್ಕದ ಮೇಜಿನ ಅಪರಿಚಿತರಿಗೂ ಇದನ್ನು ಹೇಳಿ ಹೋಗುವುದು ರೂಢಿ. ಗ್ರಾಹಕರ ಕರೆ ಮುಗಿಸುವಾಗ 'ಕೆ ತೇಂಗ ಬ್ವೇನ್ ದೀಅ'. ಇಲ್ಲಿ ತೇಂಗ ಬದಲು 'ತ್ಯೇನೆ' ಅಂದರೆ ಹಾರೈಕೆ ಹೋಗಿ ವರದಿ ಆಗುತ್ತೆ, 'ಒಳ್ಳೇದಾಗಲಿ' ಅನ್ನಬೇಕಾದಲ್ಲಿ 'ಒಳ್ಳೇದಾಗುತ್ತೆ' ಅಂದ ಹಾಗೆ. ಮಳೆ ಬರಲಿ ಅನ್ನೋಕೆ 'ಒಹಲಾ ಯ್ವೇಬ'. ಒಹಲಾ ಅರಬ್ಬಿಯಿಂದ ಬಂದದ್ದು, ದೇವರು ಮನಸ್ಸು ಮಾಡಿದರೆ ಅನ್ನುವ ಭಾವ. ಪಾವಗಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬರೆದುಕೊಳ್ಳೋದಕ್ಕೂ ಕನ್ನಡ ಲಿಪಿಯೇ ಚೆನ್ನ. ಸ್ಪ್ಯಾನಿಷಿನ ತ, ದ ಹಲ್ಲಿಗೆ ತಾಗುವ ನಮ್ಮ ತ, ದಗಳೇ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಟ, ಡ ಬಂದು ಕೂರುತ್ತೆ. ಐದೇ ಸ್ವರ, ಅ ಎ ಇ ಒ ಉ. ದೀರ್ಘ-ಹ್ರಸ್ವ ಅನ್ನೋ ಭೇದ ಆ ಭಾಷೇಲಿ ಇಲ್ಲ, ಆದರೆ ಒತ್ತು ಇದೆ. ಒತ್ತು ಬೀಳುವ ಸ್ವರವನ್ನು ದೀರ್ಘವಾಗಿ ಬರೆದುಕೊಳ್ಳಿ, ಇಲ್ಲಿ ನಾನು ಮಾಡಿರೋದೂ ಅದೇ. ನಿಯಮ ಇಷ್ಟು: ಪದ ಸ್ವರದಲ್ಲೋ, ನ್ ಅಥವಾ ಸ್ ಅಲ್ಲೋ ಮುಗಿದರೆ ಕೊನೆಯಿಂದ ಎರಡನೆಯದಕ್ಕೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದಕ್ಕೆ. ತಲೆ ಮೇಲೆ ಗೀಟು ಇದ್ದರೆ ಗೀಟು ಇದ್ದಲ್ಲೇ. ಕನ್ನಡದವರು ಎಲ್ಲ ಪದಕ್ಕೂ ಮೊದಲಲ್ಲೇ ಒತ್ತು ಕೊಡ್ತೀವಿ, ಅಲ್ಲಿ ಎಡವಟ್ಟಾಗುತ್ತೆ. ಲ್ಯಾಟಿನ್ ಅಮೆರಿಕದಲ್ಲಿ 'ಪಾಪ' ಅಂದರೆ ಆಲೂಗಡ್ಡೆ, 'ಪಪಾ' ಅಂದರೆ ಅಪ್ಪ. 'ಕೋಂಪ್ರೊ' ನಾನು ಕೊಳ್ತೀನಿ, 'ಕೊಂಪ್ರೋ' ಅವನು ಕೊಂಡ.

ಇನ್ನೊಂದು ನಮ್ಮದೇ ಖಾಯಿಲೆ, ಪದದ ಕೊನೆಗೆ 'ಉ' ಅಂಟಿಸೋದು. ಬಸ್ಸು, ಕಾರು ಅಂದ ಬಾಯಿಗೆ 'ಫಬೋರು' ಬರುತ್ತೆ. 'ಪೊರ್ ಫಬೋರ್' (ದಯವಿಟ್ಟು) ಅಂತ ಬಾಯಿ ಕಟ್ಟಿ ನಿಲ್ಲಿಸಬೇಕು. ಸ್ಪ್ಯಾನಿಷಲ್ಲಿ ಕೊನೆಯ ಸ್ವರವೇ ಲಿಂಗ, ಕಾಲ, ಯಾರು ಅನ್ನೋದನ್ನೆಲ್ಲ ಹೇಳುತ್ತೆ, ಅಲ್ಲಿ ಇಲ್ಲದ ಸ್ವರ ಕೇಳಿಸಿದರೆ ಎದುರಿನವರು ತಡವರಿಸುತ್ತಾರೆ. ಶಾಲೇಲಿ ಬಾಯಿಪಾಠ ಮಾಡಿ ಆಮೇಲೆ ಯಾವತ್ತೂ ಬಳಸದ ಞ ಇಲ್ಲಿ ದಿನಾ ಬೇಕು. 'ಆಞೊಸ್' ಅಂದರೆ ವರ್ಷಗಳು. ಅದನ್ನು ನ ಮಾಡಿ 'ಆನೊಸ್' ಅಂದರೆ ಗುದದ್ವಾರಗಳು. ವಯಸ್ಸು ಹೇಳುವಾಗ, ಅದರಲ್ಲೂ ಇಮೇಲಲ್ಲಿ ಟೈಪ್ ಮಾಡುವಾಗ ಎನ್ ಕೀಲಿಯನ್ನು ಒತ್ತಿಹಿಡಿದು ಮೇಲೆ ಅಲೆಗೀಟು ಇರುವ ಅಕ್ಷರ ತಗೊಳ್ಳಿ. ಹಾಗೇ 'ಪೇರೊ' ಅಂದರೆ 'ಆದರೆ', 'ಪೇಱೊ' ಅಂದರೆ ನಾಯಿ. ನಾಲಿಗೆ ಒಂದೇ ಸಲ ತಾಗಿದರೆ ಮೊದಲನೆಯದು, ಗಡಗಡ ಅದುರಿದರೆ ಎರಡನೆಯದು.

ಈಗ ಹೊತ್ತಿನ ಲೆಕ್ಕ. ನಮಸ್ಕಾರಕ್ಕೆ ಹೊತ್ತುಗೊತ್ತಿಲ್ಲ, ಸ್ಪ್ಯಾನಿಷಿನ ವಂದನೆಗೆ ಇದೆ. 'ಬ್ವೇನೊಸ್ ದೀಅಸ್' ಬೆಳಿಗ್ಗೆಗೆ, 'ಬ್ವೇನಸ್ ತಾರ್ದೆಸ್' ಮಧ್ಯಾಹ್ನದಿಂದ, 'ಬ್ವೇನಸ್ ನೋಚೆಸ್' ಕತ್ತಲಾದ ಮೇಲೆ. ಕೊನೆಯದು ಬರುವಾಗಲೂ ಹೇಳಬಹುದು, ಹೋಗುವಾಗಲೂ ಹೇಳಬಹುದು. ಸ್ಪೇನಲ್ಲಿ ಊಟವೇ 2 ಗಂಟೆಗೆ, ಅಲ್ಲಿಯವರೆಗೂ 'ದೀಅಸ್' ಎಳೆಯುತ್ತಾರೆ. ಗೊಂದಲವಾದರೆ ಬರೀ 'ಬ್ವೇನಸ್' ಅಂದರೂ ನಡೆಯುತ್ತೆ, ಸ್ವಲ್ಪ ಸಲಿಗೆಯ ಧಾಟಿ ಅಷ್ಟೆ.

ಫೋನಿನಲ್ಲಿ ಕೆಲಸ ಮಾಡುವವರು ಗ್ರಾಹಕರ ಗಡಿಯಾರ ನೋಡಬೇಕು, ತಮ್ಮದಲ್ಲ. ಇಲ್ಲಿ ರಾತ್ರಿ 9 ಆಗಿದ್ದರೆ ಮೆಕ್ಸಿಕೊ ನಗರದಲ್ಲಿ ಅದೇ ದಿನ ಬೆಳಿಗ್ಗೆ 9:30, ಬೊಗೊಟಾದಲ್ಲಿ 10:30, ಬ್ವೇನೊಸ್ ಐರೆಸ್‌ನಲ್ಲಿ ಮಧ್ಯಾಹ್ನ 12:30. ಮ್ಯಾಡ್ರಿಡ್‌ನಲ್ಲಿ ಚಳಿಗಾಲಕ್ಕೆ 4:30, ಬೇಸಿಗೆಗೆ 5:30. ಮೆಕ್ಸಿಕೊ 2022ರಲ್ಲಿ ದೇಶದ ಬಹುಪಾಲು ಭಾಗದಲ್ಲಿ ಗಡಿಯಾರ ಹಿಂದೆ ಮುಂದೆ ಮಾಡೋದನ್ನು ನಿಲ್ಲಿಸಿದೆ, ಹಾಗಾಗಿ ಆ ವ್ಯತ್ಯಾಸ ವರ್ಷಪೂರ್ತಿ ಒಂದೇ. ಕರೆ ಎತ್ತಿದಾಗ ಮೆಕ್ಸಿಕೊದವರು 'ಬ್ವೇನೊ?' ಅಂತಾರೆ, ಸ್ಪೇನಿನವರು 'ದೀಗ' ಅಥವಾ 'ದೀಗಮೆ', ಕೊಲಂಬಿಯಾದವರು 'ಅಲೋ'. ನಿಮ್ಮ ಕಡೆಯಿಂದ 'ಎನ್ ಕೆ ಲೆ ಪ್ವೇದೊ ಅಯುದಾರ್?', ಏನು ಸಹಾಯ ಮಾಡಲಿ ಅಂತ. ಹುಡುಕಿ ನೋಡಬೇಕಾದರೆ 'ಪೆರ್ಮೀತಮೆ ಉನ್ ಮೊಮೇಂತೊ', ಒಂದು ನಿಮಿಷ ಇರಿ. ವಾಪಸ್ ಬಂದಾಗ ಮೊದಲ ಮಾತು 'ಗ್ರಾಸ್ಯಸ್ ಪೊರ್ ಲ ಎಸ್ಪೇರ', ಕಾದಿದ್ದಕ್ಕೆ ಧನ್ಯವಾದ. ಅರ್ಥವಾಗದಿದ್ದರೆ 'ಕೆ?' ಅನ್ನಬೇಡಿ, ಅದು 'ಏನು?' ಅಂತ ಒರಟಾಗಿ ಕೇಳಿದ ಹಾಗೆ. 'ಮೆ ಲೊ ಪ್ವೇದೆ ಱೆಪೆತೀರ್ ಮಾಸ್ ದೆಸ್ಪಾಸ್ಯೊ?' ಅಂದರೆ ಸ್ವಲ್ಪ ನಿಧಾನವಾಗಿ ಇನ್ನೊಂದ್ಸಲ ಹೇಳ್ತೀರಾ ಅಂತ. ಮೆಕ್ಸಿಕೊದಲ್ಲಿ ಒಂದೇ ಪದದಲ್ಲಿ 'ಮಾಂದೆ?' ಅಂದರೂ ಮರ್ಯಾದೆಯೇ.

'ಸಾರಿ' ಅನ್ನೋ ಒಂದೇ ಪದ ನಾವು ಎಲ್ಲದಕ್ಕೂ ಬಳಸಿ ಅಭ್ಯಾಸ. ಸ್ಪ್ಯಾನಿಷಲ್ಲಿ ಅದು ನಾಲ್ಕಾಗುತ್ತೆ. ರೈಲಲ್ಲಿ ಭುಜ ತಾಗಿತು, 'ಪೆರ್ದೋನ್'. ಬಾಗಿಲ ಹತ್ತಿರ ನಿಂತವರನ್ನು ದಾಟಬೇಕು, 'ಕೊನ್ ಪೆರ್ಮೀಸೊ'. ಯಾರನ್ನೋ ನಿಲ್ಲಿಸಿ ಪ್ಲಾಟ್‌ಫಾರ್ಮ್ ಕೇಳಬೇಕು, 'ದಿಸ್ಕೂಲ್ಪೆ'. ಅವರ ಮನೇಲಿ ಸಾವಾಗಿದೆ, ಅಥವಾ ನಿಮ್ಮಿಂದ ನಿಜವಾಗಲೂ ನಷ್ಟವಾಗಿದೆ, ಆಗ 'ಲೊ ಸ್ಯೇಂತೊ'. ಭುಜ ತಾಗಿದ್ದಕ್ಕೆಲ್ಲ ಲೊ ಸ್ಯೇಂತೊ ಅಂದರೆ ತೂಕ ಜಾಸ್ತಿಯಾಗುತ್ತೆ.

ನೀನು, ನೀವು ಇರುವ ನಮಗೆ 'ತೂ', 'ಉಸ್ತೇದ್' ಕಷ್ಟವಲ್ಲ. ಒಂದೇ ಎಚ್ಚರ, ಉಸ್ತೇದ್‌ಗೆ ಬರೋದು ಪ್ರಥಮ ಪುರುಷದ (ಅವನು, ಅವಳು) ಏಕವಚನ ಕ್ರಿಯಾಪದ: ಹೇಗಿದ್ದೀಯ ಅನ್ನೋಕೆ ತೂಗೆ 'ಕೋಮೊ ಎಸ್ತಾಸ್', ಉಸ್ತೇದ್‌ಗೆ 'ಕೋಮೊ ಎಸ್ತಾ'. ಸ್ಪೇನಲ್ಲಿ ಅಂಗಡಿಯವರೂ ಬೇಗ ತೂಗೆ ಇಳಿಯುತ್ತಾರೆ. ಬೊಗೊಟಾ ಸುತ್ತಮುತ್ತ ಮನೆಯವರನ್ನೇ ಉಸ್ತೇದ್ ಅನ್ನುವವರಿದ್ದಾರೆ. ಅರ್ಜೆಂಟೀನಾದಲ್ಲಿ ತೂ ಜಾಗದಲ್ಲಿ 'ಬೋಸ್'. ಅಣ್ಣಾ, ಅಕ್ಕಾ ಅಂತ ಕರೆಯುವ ನಮ್ಮ ಅಭ್ಯಾಸವನ್ನು ಮಾತ್ರ ಊರಲ್ಲೇ ಬಿಟ್ಟು ಹೋಗಿ. 'ತೀಒ' ಅಂದರೆ ಮಾವ, ಚಿಕ್ಕಪ್ಪ ಅಂತ ನಿಘಂಟು ಹೇಳುತ್ತೆ ನಿಜ, ಆದರೆ ಸ್ಪೇನಲ್ಲಿ ಅದು ಗೆಳೆಯರ ನಡುವಿನ 'ಗುರೂ', 'ಮಗಾ'. ಗೊತ್ತಿಲ್ಲದ ಹಿರಿಯರಿಗೆ 'ಸೆಞೋರ್', 'ಸೆಞೋರ'. ಸ್ವಲ್ಪ ಪರಿಚಯವಿದ್ದರೆ ಹೆಸರಿಗೆ ಮೊದಲು ದೊನ್, ದೋಞ: ದೊನ್ ಹೊಸೇ.

ಕನ್ನಡ ಕೈಕೊಡುವ ಇನ್ನೊಂದು ಜಾಗ 'ಬರ್ತೀನಿ'. ಹೋಗುವಾಗ ಹೋಗ್ತೀನಿ ಅನ್ನಬಾರದು ಅಂತ ಮನೇಲಿ ಕಲಿಸಿದ್ದಾರೆ. ಸ್ಪ್ಯಾನಿಷಲ್ಲಿ ಹೊರಡುವವರು ಧಾರಾಳವಾಗಿ 'ಮೆ ಬೋಯ್', ನಾನು ಹೋಗ್ತೀನಿ ಅಂತಾರೆ. ಸ್ಪೇನಲ್ಲಿ 'ಅಓರ ಬೇಂಗೊ' ಅಂದರೆ ಈಗ ಹೋಗಿ ಬಂದೆ ಅಂತ. ಶಿಫ್ಟ್ ಮುಗಿಸಿ ಹೊರಡುವಾಗ ಹಾಗಂದರೆ ನಿಮಗೋಸ್ಕರ ಕಾಯ್ತಾ ಕೂರುತ್ತಾರೆ. 'ಮೆ ಬೋಯ್, ಆಸ್ತ ಮಞಾನ' (ಹೋಗ್ತೀನಿ, ನಾಳೆ ಸಿಗೋಣ) ಅನ್ನಿ. ಯಾರಾದರೂ ಒಳಗಿಂದ ಕರೆದಾಗ 'ಬಂದೆ' ಅನ್ನೋಕೂ ಬರುವ ಕ್ರಿಯಾಪದವಲ್ಲ, 'ಯ ಬೋಯ್'.

ಮಾತಿನ ನಡುವೆ ಯೋಚನೆಗೆ ಹೊತ್ತು ಬೇಕಾದಾಗ 'ಆಂ… ಊಂ' ಬದಲು ಅವರ ಪದಗಳನ್ನೇ ಇಟ್ಟುಕೊಳ್ಳಿ. ಎಸ್ ಕೆ, ಅದೇನಂದ್ರೆ. ಒ ಸೇಅ, ಅಂದ್ರೆ. ಅ ಬೇರ್, ನೋಡೋಣ. ಬೆರ್ದಾದ್?, ಅಲ್ವಾ? ಒಂದಕ್ಕೊಂದು ಇಷ್ಟು ಸರಿಯಾಗಿ ಕೂರುತ್ತವೆ ಅಂದರೆ ವಾರದಲ್ಲಿ ನಾಲಿಗೆಗೆ ಹತ್ತುತ್ತವೆ.

'ಸರಿ' ಅನ್ನೋದು ಮಾತ್ರ ದೇಶಕ್ಕೊಂದು. ಸ್ಪೇನಲ್ಲಿ 'ಬಾಲೆ', ಮೆಕ್ಸಿಕೊದಲ್ಲಿ 'ಓರಲೆ', ಕೊಲಂಬಿಯಾದಲ್ಲಿ 'ಲೀಸ್ತೊ', ಅರ್ಜೆಂಟೀನಾದಲ್ಲಿ 'ದಾಲೆ'. ಎಲ್ಲ ಕಡೆ ಸಲ್ಲುವುದು 'ದೆ ಅಕ್ವೇರ್ದೊ'. ಮೆಕ್ಸಿಕೊದವರ 'ಅಓರೀತ' ಈಗಲೇ ಅಂತಲೂ ಇರಬಹುದು, ಇನ್ನೊಂದು ಗಂಟೆಗೆ ಅಂತಲೂ ಇರಬಹುದು, ಗಡುವು ಇರುವ ಕೆಲಸಕ್ಕೆ ಎಷ್ಟು ಗಂಟೆಗೆ ಅಂತ ಬಿಡಿಸಿ ಕೇಳಿ. 'ತೀಂತೊ' ಸ್ಪೇನಲ್ಲಿ ಕೆಂಪು ವೈನ್, ಕೊಲಂಬಿಯಾದಲ್ಲಿ ಕಪ್ಪು ಕಾಫಿ. ಬಸ್ಸು ಹಿಡಿಯೋಕೆ ಸ್ಪೇನಿನವರು 'ಕೊಹೇರ್' ಅಂತಾರೆ, ಅದೇ ಪದ ಮೆಕ್ಸಿಕೊ, ಅರ್ಜೆಂಟೀನಾದಲ್ಲಿ ಸಂಭೋಗದ ಅಶ್ಲೀಲ ಮಾತು. 'ತೊಮಾರ್' ಅಂದರೆ ಎಲ್ಲೂ ತೊಂದರೆಯಿಲ್ಲ.

ಕೋಲಾರದ ಮಂಡಿಯಲ್ಲಿ ಕ್ರೇಟುಗಟ್ಟಲೆ ಬರುವ ಟೊಮೇಟೊ ಸ್ಪ್ಯಾನಿಷಲ್ಲಿ 'ತೊಮಾತೆ'. ಮಧ್ಯ ಮೆಕ್ಸಿಕೊದಲ್ಲಿ ಮಾತ್ರ ಕೆಂಪು ಹಣ್ಣಿಗೆ 'ಹಿತೊಮಾತೆ', ಬರೀ ತೊಮಾತೆ ಅಂದರೆ ಸಿಪ್ಪೆಯೊಳಗಿರುವ ಹಸಿರು ಕಾಯಿ. ಸಿರಾ, ಪಾವಗಡದ ಕಡ್ಲೇಕಾಯಿಗೆ ಮೂರು ಹೆಸರು: ಮೆಕ್ಸಿಕೊದಲ್ಲಿ 'ಕಕವಾತೆ', ಸ್ಪೇನಲ್ಲಿ 'ಕಕವೇತೆ', ದಕ್ಷಿಣ ಅಮೆರಿಕದ ಬಹಳ ಕಡೆ 'ಮನೀ'. ಕೊನೆಯದಕ್ಕೆ ಒತ್ತು 'ನೀ' ಮೇಲೆ.