ಪಾಚಿ ಸರಿಸಿ ನೀರು ಕುಡಿಯುವುದು

12 ಮೇ 2025, ಸೋಮವಾರ
ಮೈಸೂರು

ಬುದ್ಧ ಪೂರ್ಣಿಮೆ. ಹಾಲು ಉಕ್ಕುವ ಹೊತ್ತಿಗೆಲ್ಲ ವಾಟ್ಸಾಪ್ ತುಂಬ ಬುದ್ಧ. ಕಮಲ, ಬಂಗಾರದ ಬಣ್ಣದ ಮುಖ, ಅಡಿಯಲ್ಲೊಂದು ನುಡಿಮುತ್ತು. ಈ ಸಲ ಹೆಚ್ಚು ಓಡಾಡಿದ್ದು ಕೆಂಡದ ಮಾತು: ಕೋಪ ಇಟ್ಟುಕೊಳ್ಳುವುದೆಂದರೆ ಇನ್ನೊಬ್ಬರ ಮೇಲೆ ಎಸೆಯಲು ಕೆಂಡ ಹಿಡಿದ ಹಾಗೆ, ಸುಡುವುದು ನಮ್ಮ ಕೈಯೇ. ಕಳಿಸಿದವರಲ್ಲಿ ನಮ್ಮ ಕೆಳಮನೆಯ ಯಜಮಾನರೂ ಒಬ್ಬರು. ಕೈಮುಗಿದ ಚಿಹ್ನೆ ಬೇರೆ.

ಆ ಮಾತು ಬುದ್ಧನದಲ್ಲ. ಐದನೇ ಶತಮಾನದಲ್ಲಿ ಶ್ರೀಲಂಕಾದ ಅನುರಾಧಪುರದಲ್ಲಿ ಕೂತು ‘ವಿಸುದ್ಧಿಮಗ್ಗ’ ಎಂಬ ಸಾಧನೆಯ ಕೈಪಿಡಿ ಬರೆದ ಭಿಕ್ಷು ಬುದ್ಧಘೋಷನದು. ಅವನು ಹೇಳಿದ್ದು ಇನ್ನೂ ಖಾರವಾಗಿದೆ. ಒಬ್ಬನಿಗೆ ಹೊಡೆಯಬೇಕೆಂದು ಉರಿಯುವ ಕೆಂಡವನ್ನೋ ಹೇಲನ್ನೋ ಕೈಗೆತ್ತಿಕೊಂಡವನು ಮೊದಲು ತನ್ನ ಕೈ ಸುಟ್ಟುಕೊಳ್ಳುತ್ತಾನೆ, ಇಲ್ಲವೇ ತಾನೇ ನಾರುತ್ತಾನೆ. ಕಮಲದ ಪಕ್ಕ ಎರಡನೆಯದು ಚೆನ್ನಾಗಿ ಕಾಣುವುದಿಲ್ಲವೆಂದು ಯಾರೋ ಕತ್ತರಿಸಿದ್ದಾರೆ. ನನ್ನ ಅನುಭವಕ್ಕೆ ಎರಡನೆಯದೇ ಹತ್ತಿರ. ಸಿಟ್ಟು ಬಂದ ದಿನ ಸುಡುವುದು ನಾನೊಬ್ಬನೇ, ವಾಸನೆ ಮಾತ್ರ ಮನೆಮಂದಿಗೆಲ್ಲ.

ಕೆಳಮನೆಯವರಿಗೂ ನಮಗೂ ಇರುವ ತಕರಾರು ಸಂಪಿನ ಮೋಟರಿನದು. ಎರಡೂ ಮನೆಗೆ ಒಂದೇ ಟ್ಯಾಂಕು, ಸ್ವಿಚ್ಚು ಅವರ ವರಾಂಡದಲ್ಲಿ. ಟ್ಯಾಂಕು ತುಂಬುವ ಮೊದಲೇ ಆರಿಸಿಬಿಡುತ್ತಾರೆ. ಕೇಳಿದರೆ, ‘ಕರೆಂಟು ಬಿಲ್ಲು ನಿಮ್ಮಪ್ಪ ಕಟ್ತಾರಾ?’ ನಿನ್ನೆ ಇದನ್ನು ಮೆಟ್ಟಿಲ ಮೇಲೆ ನಿಂತು, ಅಮ್ಮನ ಎದುರಿಗೇ ಅಂದರು. ಅಪ್ಪ ಹೋಗಿ ವರ್ಷಗಳಾದವು. ಬಿಲ್ಲಿನಲ್ಲಿ ಅರ್ಧ ನಾವು ಕೊಡುತ್ತಲೂ ಇದ್ದೇವೆ.

ಹಾಗಾಗಿ ಮಧ್ಯಾಹ್ನ ಬುದ್ಧನ ಉಪದೇಶಗಳನ್ನು ಸಂಖ್ಯೆಯ ಲೆಕ್ಕದಲ್ಲಿ ಜೋಡಿಸಿರುವ ಅಂಗುತ್ತರ ನಿಕಾಯ ತೆರೆದು ಕೂತೆ. ಅದರ ಐದರ ಭಾಗದಲ್ಲಿ ಕೋಪ ಹೋಗಲಾಡಿಸುವ ಬಗ್ಗೆ ಎರಡು ಸುತ್ತಗಳು, ಅಂದರೆ ಉಪದೇಶಗಳು, ಪಕ್ಕಪಕ್ಕದಲ್ಲೇ ಇವೆ. ಮೊದಲನೆಯದರಲ್ಲಿ ಬುದ್ಧ ಐದು ದಾರಿ ಕೊಡುತ್ತಾನೆ. ಮೈತ್ರಿ, ಕರುಣೆ, ಉಪೇಕ್ಷೆ ಎಲ್ಲರಿಗೂ ಗೊತ್ತಿರುವವು. ಅವನ ಕರ್ಮಕ್ಕೆ ಅವನೇ ವಾರಸುದಾರ ಎಂದುಕೊಳ್ಳುವುದು ಕೊನೆಯದು. ನನಗೆ ಖುಷಿ ಕೊಟ್ಟಿದ್ದು ನಾಲ್ಕನೆಯದು: ಆ ಮನುಷ್ಯನನ್ನು ನೆನೆಯಬೇಡ, ಅವನ ಕಡೆ ಮನಸ್ಸೇ ಕೊಡಬೇಡ. ಅಷ್ಟೇ! ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಎರಡನೆಯದು ಬುದ್ಧನ ಹಿರಿಯ ಶಿಷ್ಯ ಸಾರಿಪುತ್ತನದು. ಅವನು ಸಿಟ್ಟು ಬರಿಸುವವರನ್ನು ವಿಂಗಡಿಸುತ್ತಾನೆ. ನಡತೆ ಕೆಟ್ಟು ಮಾತು ಒಳ್ಳೆಯದಿದ್ದವನು ಬೀದಿಯಲ್ಲಿ ಬಿದ್ದ ಚಿಂದಿ ಬಟ್ಟೆ. ಭಿಕ್ಷು ಅದನ್ನು ಎಡಗಾಲಲ್ಲಿ ಮೆಟ್ಟಿ, ಬಲಗಾಲಲ್ಲಿ ಹರಡಿ, ಗಟ್ಟಿಯಿರುವ ಭಾಗವನ್ನಷ್ಟೇ ಹರಿದುಕೊಂಡು ಹೋಗುತ್ತಾನೆ. ಮಾತು ಕೆಟ್ಟು ನಡತೆ ಒಳ್ಳೆಯದಿದ್ದವನು ಪಾಚಿ ಕಟ್ಟಿದ ಕೊಳ. ಬಿಸಿಲಲ್ಲಿ ಬಳಲಿ ಬಂದವನು ಎರಡೂ ಕೈಯಿಂದ ಪಾಚಿ ಸರಿಸಿ, ಬೊಗಸೆಯಲ್ಲಿ ಕುಡಿದು ಹೋಗುತ್ತಾನೆ. ಎರಡೂ ಕೆಟ್ಟು ಯಾವಾಗಲೋ ಒಮ್ಮೆ ಮನಸ್ಸು ತಿಳಿಯಾಗುವವನು ಹಸುವಿನ ಗೊರಸಿನ ಗುಳಿಯಲ್ಲಿ ನಿಂತ ನೀರು. ಕೈ ಹಾಕಿದರೆ ಕದಡುತ್ತದೆ, ಅದಕ್ಕೇ ಮಂಡಿಯೂರಿ ದನದಂತೆ ಬಾಯಿಟ್ಟು ಕುಡಿಯಬೇಕು. ಏನೂ ಒಳ್ಳೆಯದಿಲ್ಲದವನು ಎರಡು ಊರುಗಳ ನಡುವೆ ಕಾಯಿಲೆ ಬಿದ್ದ ದಾರಿಹೋಕ. ಅವನನ್ನು ಕಂಡರೆ ಸಿಟ್ಟಲ್ಲ, ಅಯ್ಯೋ ಅನ್ನಿಸಬೇಕು.

ಕೆಳಮನೆಯವರು ಸ್ಪಷ್ಟವಾಗಿ ಪಾಚಿ ಕೊಳ. ಹೋದ ಮಳೆಗಾಲದಲ್ಲಿ ಅಮ್ಮನಿಗೆ ರಾತ್ರಿ ಉಸಿರು ಕಟ್ಟಿದಾಗ ಲುಂಗಿಯಲ್ಲೇ ಕಾರು ತೆಗೆದು ಆಸ್ಪತ್ರೆಗೆ ಕರೆದೊಯ್ದವರು ಅವರೇ. ದಾರಿಯುದ್ದಕ್ಕೂ ನನಗೆ ಬೈದರು, ‘ಮೊದಲೇ ತೋರಿಸೋಕೆ ಏನ್ರೀ ಧಾಡಿ’ ಅಂತ. ಆದರೆ ಬೆಳಗಾಗುವವರೆಗೂ ಬೆಂಚಿನ ಮೇಲೆ ಕೂತಿದ್ದರು.

ಇದೆಲ್ಲ ಓದುವಾಗ ಕೌಶಾಂಬಿಯ ಕಥೆ ನೆನಪಾಗದೆ ಇರುವುದಿಲ್ಲ. ಬುದ್ಧನ ಕಣ್ಣೆದುರಿಗೇ ಸಂಘ ಎರಡಾದ ಪ್ರಕರಣ. ಧಮ್ಮಪದದ ಹಳೆಯ ವ್ಯಾಖ್ಯಾನವಾದ ಅಟ್ಠಕಥೆಯ ಪ್ರಕಾರ ಕಾರಣ ಶೌಚದ ನೀರು. ಧರ್ಮ ಬೋಧಿಸುವ ಭಿಕ್ಷುವೊಬ್ಬ ಬಳಸಿ ಉಳಿದ ನೀರನ್ನು ಪಾತ್ರೆಯಲ್ಲೇ ಬಿಟ್ಟು ಬಂದ. ವಿನಯ, ಅಂದರೆ ಸಂಘದ ನಿಯಮ, ಬಲ್ಲವನೊಬ್ಬ ಅದನ್ನು ನೋಡಿ ತಪ್ಪು ಅಂದ. ಬೇಕೆಂದು ಮಾಡದಿದ್ದರೆ ತಪ್ಪಲ್ಲ ಅಂತ ತಾನೇ ಸಮಾಧಾನವನ್ನೂ ಹೇಳಿದ. ಆಮೇಲೆ ತನ್ನ ಶಿಷ್ಯರ ಹತ್ತಿರ ಹೋಗಿ ‘ಅವನಿಗೆ ತಪ್ಪೂ ತಿಳಿಯದು’ ಅಂದ. ಶಿಷ್ಯರಿಂದ ಶಿಷ್ಯರಿಗೆ ಹಬ್ಬಿತು, ಊರಿನ ಭಕ್ತರೂ ಎರಡು ಪಕ್ಷವಾದರು. ಎರಡೂವರೆ ಸಾವಿರ ವರ್ಷದ ಹಿಂದೆಯೂ ಜಗಳ ನೀರಿಗೇ, ಹಬ್ಬಿಸುವವರು ಹಿಂಬಾಲಕರೇ.

ಬುದ್ಧ ಬುದ್ಧಿ ಹೇಳಿದ. ವೈರದಿಂದ ವೈರ ಶಮನವಾಗದು ಎಂಬ ಹೆಸರಾಂತ ಮಾತು ವಿನಯ ಪಿಟಕದಲ್ಲಿ ಬರುವುದು ಈ ಸಂದರ್ಭದಲ್ಲೇ. ಒಬ್ಬ ಭಿಕ್ಷು ಎದ್ದು, ‘ಭಗವಾನ್, ತಾವು ನೆಮ್ಮದಿಯಾಗಿರಿ, ಈ ಜಗಳ ನಾವು ನೋಡಿಕೊಳ್ಳುತ್ತೇವೆ’ ಅಂದನಂತೆ. ಎಂಥ ವಿನಯ! ಬುದ್ಧ ಹೊರಟೇಬಿಟ್ಟ. ಪಾರಿಲೆಯ್ಯಕದ ಕಾಡಿಗೆ, ಒಬ್ಬನೇ. ಅಲ್ಲೊಂದು ಸಲಗವೂ ಹಾಗೇ ಹಿಂಡು ಬಿಟ್ಟು ಬಂದಿತ್ತು. ಮರಿಗಳು ಚಿಗುರು ಕಿತ್ತ ಹುಲ್ಲನ್ನೇ ತಿಂದು, ಎಲ್ಲರೂ ಕದಡಿದ ನೀರನ್ನೇ ಕುಡಿದು, ಅದು ಮುರಿದ ಕೊಂಬೆಯನ್ನು ಬೇರೆಯವು ತಿಂದುಹಾಕಿ, ಅದಕ್ಕೂ ಸಾಕಾಗಿತ್ತು. ಜನರ ಸಹವಾಸ ಸಾಕಾದವನೂ ಆನೆಗಳ ಸಹವಾಸ ಸಾಕಾದ ಆನೆಯೂ ಜೊತೆಗಿದ್ದರು.

ಇತ್ತ ಭಿಕ್ಷುಗಳಿಗೆ ಬುದ್ಧಿ ಬಂದದ್ದು ಧ್ಯಾನದಿಂದಲ್ಲ. ಇವರಿಂದಲೇ ಬುದ್ಧ ಊರು ಬಿಟ್ಟನೆಂದು ಕೌಶಾಂಬಿಯ ಜನ ನಮಸ್ಕಾರ ನಿಲ್ಲಿಸಿದರು, ಭಿಕ್ಷೆಯನ್ನೂ ನಿಲ್ಲಿಸಿದರು. ಹೊಟ್ಟೆ ಚುರುಗುಟ್ಟಿದ ಮೇಲೆ ಎರಡೂ ಪಕ್ಷ ಶ್ರಾವಸ್ತಿಯ ದಾರಿ ಹಿಡಿದವು. ಬೌದ್ಧಧರ್ಮವೆಂದರೆ ಎಲ್ಲವನ್ನೂ ನಗುನಗುತ್ತಾ ಸಹಿಸುವುದು ಎಂದುಕೊಂಡವರು ಈ ಭಾಗ ಓದಬೇಕು. ಎದ್ದು ಹೋಗುವುದಕ್ಕೂ ಅಲ್ಲಿ ಜಾಗವಿದೆ, ಅನ್ನ ನಿಲ್ಲಿಸುವುದಕ್ಕೂ.

ಶಾಂತಿದೇವ ನನಗೆ ಸ್ವಲ್ಪ ದುಬಾರಿ. ಎಂಟನೇ ಶತಮಾನದ ನಾಲಂದದ ಬೌದ್ಧ ಗುರು. ಶತ್ರುವೆಂದರೆ ಶ್ರಮವಿಲ್ಲದೆ ಮನೆಯಲ್ಲೇ ಸಿಕ್ಕ ನಿಧಿ, ತಾಳ್ಮೆ ಕಲಿಸುತ್ತಾನೆ, ಅವನಿಗೆ ಋಣಿಯಾಗಿರು ಅನ್ನುತ್ತಾನೆ ತನ್ನ ಬೋಧಿಚರ್ಯಾವತಾರ ಎಂಬ ಕಾವ್ಯದಲ್ಲಿ. ಮೆಟ್ಟಿಲ ಮೇಲೆ ನಿಂತು ಅಪ್ಪನ ಹೆಸರೆತ್ತುವ ನಿಧಿಗೆ ಋಣಿಯಾಗಲು ನನ್ನಿಂದ ಸದ್ಯಕ್ಕೆ ಆಗದು. ಆದರೆ ಅದೇ ಆರನೇ ಅಧ್ಯಾಯದಲ್ಲಿ ಇನ್ನೊಂದು ಶ್ಲೋಕವಿದೆ: ಪರಿಹಾರ ಇದ್ದರೆ ಕೊರಗು ಯಾಕೆ, ಇಲ್ಲದಿದ್ದರೆ ಕೊರಗಿ ಏನು ಬಂತು?

ಪರಿಹಾರ ಇದೆ. ಟ್ಯಾಂಕು ತುಂಬಿದಾಗ ಮೋಟರು ತಾನಾಗಿ ನಿಲ್ಲುವ ಸ್ವಿಚ್ಚು ಸಿಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ್ದೇನೆ, ಗುರುವಾರ ಬರುತ್ತಾನಂತೆ. ಖರ್ಚು ಅರ್ಧರ್ಧ ಅಂತ ನಾಳೆ ಕೆಳಗಿಳಿದು ಕೇಳಬೇಕು. ಅಮ್ಮ, ‘ಬರಿಗೈಲಿ ಹೋಗಬೇಡ, ಮಾವಿನಕಾಯಿ ಚಿತ್ರಾನ್ನ ಮಾಡ್ತೀನಿ, ಒಂದು ಡಬ್ಬಿ ಕೊಡು’ ಅಂದಿದ್ದಾಳೆ. ಕೊಡುತ್ತೇನೆ. ಅರ್ಧ ದುಡ್ಡು ಮಾತ್ರ ಬಿಡುವುದಿಲ್ಲ.