ಬೆಂಕಿ ಯಾರು ಹಾಕ್ತಾರೆ?

ಹೋದ ಗುರುವಾರ ನಮ್ಮ ಪಕ್ಕದ್ಮನೆಯವರು ಕೇಳಿದ ಒಂದು ಪ್ರಶ್ನೆ ಇನ್ನೂ ತಲೇಲೇ ಸುತ್ತುತಿದೆ, ಬರೆದ್ರಾದ್ರೂ ಹಗುರ ಆಗುತ್ತೇನೋ ಅಂತ ಕೂತಿದೀನಿ.

ನಾವಿರೋದು ಇಂಗ್ಲೆಂಡಿನ ಶೆಫೀಲ್ಡ್ ಹತ್ರ. ಪಕ್ಕದ್ಮನೆಯವರಿಗೆ 74 ವರ್ಷ, ಒಬ್ರೇ ಇರೋದು, ಇಲ್ಲಿನ ಫೋಕ್ ಕ್ಲಬ್ ನಡೆಸೋ ಐದಾರು ಜನದಲ್ಲಿ ಅವ್ರೂ ಒಬ್ರು. ಫೋಕ್ ಕ್ಲಬ್ ಅಂದ್ರೆ ಜಾನಪದ ಹಾಡಿನ ಕೂಟ, ದೊಡ್ಡ ಸಂಗೀತ ಸಭೆ ಅಂದ್ಕೋಬೇಡಿ, ಪಬ್ಬಿನ ಮಹಡಿ ಮೇಲೆ ಒಂದು ರೂಮು, ಒಂದು ನಲವತ್ತು ಕುರ್ಚಿ, ಮೈಕ್ ಇಲ್ಲ. 1950-60ರ ದಶಕದಲ್ಲಿ ಇಂಥ ಕ್ಲಬ್‌ಗಳು ಈ ದೇಶದ ತುಂಬಾ ಹುಟ್ಕೊಂಡ್ವಂತೆ, ಎಷ್ಟೋ ಕಡೆ ಇವತ್ತಿಗೂ ನಡೀತಿವೆ. ಮೊದ್ಲು ಊರಿನವರೇ ಒಬ್ಬೊಬ್ರು ಎದ್ದು ಒಂದೋ ಎರಡೋ ಹಾಡು ಹಾಡ್ತಾರೆ, ಆಮೇಲೆ ಹೊರಗಿಂದ ಕರೆಸಿರೋ ಗಾಯಕರು. ನಡುವೆ ಬ್ರೇಕಲ್ಲಿ ಲಾಟರಿ ಚೀಟಿ ಎತ್ತೋದು, ಬಹುಮಾನ ಒಂದು ಚಾಕೊಲೇಟ್ ಡಬ್ಬಿ, ಒಂದು ವೈನ್ ಬಾಟ್ಲು. ಬಾಗಿಲಲ್ಲಿ ಬಂದ ದುಡ್ಡು ಗಾಯಕರಿಗೆ ಕೊಡೋಕೆ ಸಾಲ್ದೇ ಹೋದ್ರೆ ಈ ಚೀಟಿ ದುಡ್ಡು ಸೇರಿಸಿ ಕೊಡ್ತಾರೆ. ಅದನ್ನ ನಡೆಸೋರಿಗೆ ಯಾರಿಗೂ ಒಂದು ಪೈಸಾ ಇಲ್ಲ.

ನಮ್ಮ ಪಕ್ಕದ್ಮನೆಯವರ ಕೆಲ್ಸ ಬಾಗಿಲು ಕಾಯೋದು. ಮೆಟ್ಟಿಲು ಹತ್ತಿ ಬಂದ ತಕ್ಷಣ ಸಿಗೋ ಜಾಗದಲ್ಲಿ ಒಂದು ಮಡಚೋ ಟೇಬಲ್ಲು, ಅದ್ರ ಮೇಲೆ ಹಳೇ ಬಿಸ್ಕತ್ ಡಬ್ಬಿ, ಅದ್ರಲ್ಲೇ ಚಿಲ್ರೆ, ಚೀಟಿ ಪುಸ್ತಕ, ಒಂದು ಪೆನ್ಸಿಲ್ಲು. ಹಾಡು ಶುರುವಾದ್ಮೇಲೆ ಬಾಗಿಲು ಮುಚ್ತಾರಲ್ಲ, ಆಗ ಅವ್ರು ಹೊರಗೇ. ಲೇಟಾಗಿ ಬಂದೋರು ಹಾಡಿನ ಮಧ್ಯೆ ಒಳಗೆ ನುಗ್ಗಬಾರ್ದು ಅಂತ ತುಟಿ ಮೇಲೆ ಬೆರಳಿಟ್ಕೊಂಡು ಅವ್ರನ್ನ ತಡೆದು ನಿಲ್ಲಿಸ್ತಾರೆ.

ನಾನು ಮೊದಲ್ನೇ ಸಲ ಅವ್ರ ಜೊತೆ ಹೋಗಿದ್ದು ಒಂದು ನವೆಂಬರಲ್ಲಿ, ಕ್ಲಬ್‌ಗಲ್ಲ, ಕ್ಯಾರಲ್ ಅಂದ್ರೆ ಕ್ರಿಸ್ಮಸ್ ಹಾಡು ಕೇಳೋಕೆ. ಶೆಫೀಲ್ಡ್ ಸುತ್ತಮುತ್ತ ಹಳ್ಳಿಗಳಲ್ಲಿ, ಡಂಗ್‌ವರ್ತ್ ಕಡೆ ಎಲ್ಲಾ, ನವೆಂಬರ್ ಮಧ್ಯದಿಂದ ಕ್ರಿಸ್ಮಸ್ ಮಾರನೇ ದಿನದವರೆಗೂ ಪಬ್ಬಲ್ಲಿ ಕ್ಯಾರಲ್ ಹಾಡ್ತಾರೆ. 19ನೇ ಶತಮಾನದಲ್ಲಿ ಚರ್ಚಿನವ್ರು ಬೇಡ ಅಂದಿದ್ದ ಹಾಡುಗಳು, ಜನ ಬಿಡ್ಲಿಲ್ಲ, ಪಬ್ಬಿಗೆ ತಗೊಂಡು ಬಂದು ಉಳಿಸ್ಕೊಂಡ್ರು. ಅಪ್ಪ ಮಗ ಮೊಮ್ಮಗ ಪಕ್ಕಪಕ್ಕ ನಿಂತು ಪುಸ್ತಕ ನೋಡ್ದೆ ಹಾಡ್ತಿದ್ರು. ನನಗೆ ಒಂದು ಪದಾನೂ ಪರಿಚಯ ಇಲ್ಲ ಆದ್ರೂ ಗಂಟಲು ಕಟ್ತು, ಯಾಕಂದ್ರೆ ಆ ಚಳಿ, ಆ ಒಟ್ಟು ದನಿ, ಕಣ್ಮುಂದೆ ಬಂದಿದ್ದು ನಮ್ಮೂರಿನ ಧನುರ್ಮಾಸ.

ನಮ್ಮೂರು ಚಿಂತಾಮಣಿ ತಾಲೂಕು, ಕೈವಾರ ಕಡೆ. ತಾತಯ್ಯನವರ ಪದ ಕೇಳದೆ ಬೆಳೆದ ಮಗು ನಮ್ಕಡೆ ಇಲ್ಲ. ಬಳೆ ಮಾರ್ಕೊಂಡು ಊರೂರು ತಿರುಗ್ತಿದ್ದ ತಾತಯ್ಯ, ಯೋಗಿ ನಾರೇಯಣ ಆಗಿ ತೆಲುಗಲ್ಲೂ ಕನ್ನಡದಲ್ಲೂ ಪದ ಕಟ್ಟಿದ್ರು, ನಮ್ಮ ಜನಕ್ಕೆ ಎರಡೂ ಒಂದೇ ಉಸಿರಲ್ಲಿ ಬರುತ್ತೆ. ಗುರುಪೂರ್ಣಿಮೆಗೆ ಕೈವಾರದಲ್ಲಿ ಮೂರು ದಿನ ಹಗಲೂ ರಾತ್ರಿ ಸಂಗೀತ, ನಮ್ಮೂರ ಭಜನೆಯವ್ರೂ ತಾಳ ಹಾರ್ಮೋನಿಯಂ ಹೊತ್ಕೊಂಡು ಹೋಗೋರು. ಧನುರ್ಮಾಸದಲ್ಲಂತೂ ಬೆಳಗಿನ ಜಾವ ಭಜನೆಮನೆಯಿಂದ ಶುರುವಾಗಿ ಬೀದಿಬೀದಿ ಸುತ್ತಿ ವಾಪಸ್ ಬರೋ ಹೊತ್ತಿಗೆ ಬೆಳಕು ಹರೀತಿತ್ತು, ನಾವು ಮಕ್ಕಳು ರಗ್ಗು ಸುತ್ಕೊಂಡು ಹಿಂದೇನೇ, ಕೊನೆಗೆ ಮುತ್ತುಗದೆಲೆ ಮೇಲೆ ಬಿಸಿ ಹುಗ್ಗಿ.

ಈಗ ಹೋದ ಗುರುವಾರದ ವಿಷ್ಯ. ಬ್ರೇಕಲ್ಲಿ ಅವ್ರ ಟೇಬಲ್ ಹತ್ರ ನಿಂತಿದ್ದೆ. ನಿಮ್ಮ ಕಡೆ ಸಂಗೀತ ಹೇಗಿರುತ್ತೆ ತೋರ್ಸು ಅಂದ್ರು. ನಾನು ಫೋನಲ್ಲಿ ಮುನಿವೆಂಕಟಪ್ಪನವರ ತಮಟೆ ವಿಡಿಯೋ ಹಾಕ್ದೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವ್ರು, 2023ರಲ್ಲಿ ಪದ್ಮಶ್ರೀ ಬಂತು, ಇದು ಚರ್ಮದ ವಾದ್ಯ, ಥಂಡಿಗೆ ಸಡಿಲ ಆಗುತ್ತೆ, ಅದಕ್ಕೇ ಬಾರ್ಸೋ ಮುಂಚೆ ಹುಲ್ಲಿಗೆ ಬೆಂಕಿ ಹಾಕಿ ಕಾಯಿಸ್ತಾರೆ, ಆಗ್ಲೇ ದನಿ ಏರೋದು ಅಂತ ಹೆಮ್ಮೆಯಿಂದ ಹೇಳ್ತಾ ಹೋದೆ. ಅವ್ರು ಪೂರ್ತಿ ನೋಡಿದ್ರು. ನೋಡ್ಬಿಟ್ಟು ಕೇಳಿದ್ದು ಇದು:

"ಆ ಬೆಂಕಿ ಯಾರು ಹಾಕ್ತಾರೆ?"

ನನ್ನ ಹತ್ರ ಉತ್ರ ಇರ್ಲಿಲ್ಲ. ಬೇರೆ ಯಾರೇ ಆಗಿದ್ರೂ ಆ ಬಡಿತದ ಅರ್ಥ ಏನು, ಎಷ್ಟು ವರ್ಷದ್ದು ಅಂತ ಕೇಳ್ತಿದ್ರು. ಕುರ್ಚಿ ಹಾಕಿ ಕುರ್ಚಿ ಎತ್ತಿಡೋರಿಗೆ ಮಾತ್ರ ಹೊಳೆಯೋ ಪ್ರಶ್ನೆ ಅದು. ನಮ್ಮೂರ ಜಾತ್ರೇಲಿ ಎಷ್ಟು ಸಲ ಆ ಬೆಂಕಿ ಪಕ್ಕದಲ್ಲೇ ನಿಂತು ಚಳಿ ಕಾಯಿಸ್ಕೊಂಡಿದೀನಿ, ಹುಲ್ಲು ತಂದು ಹಾಕ್ತಿದ್ದೋರ ಮುಖ ಒಂದೂ ನೆನಪಿಲ್ಲ. ಇನ್ನೊಂದನ್ನೂ ಹೇಳ್ಬೇಕು, ತಮಟೆಯವ್ರು ನಮ್ಮ ಭಜನೆಮನೆ ಬಾಗಿಲವರೆಗೂ ಬಾರ್ಸ್ಕೊಂಡು ಬಂದು ಅಲ್ಲೇ ನಿಲ್ತಿದ್ರು, ಒಳಗೆ ಬರ್ತಿರ್ಲಿಲ್ಲ. ಯಾಕೆ ಅಂತ ನಮ್ಮನೇಲಿ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಇದನ್ನ ಅವ್ರಿಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ.

ರಾತ್ರಿ ನಿದ್ದೆ ಬರ್ಲಿಲ್ಲ, ಇಲ್ಲಿ ಒಂದು ಗಂಟೆ ಆಗಿತ್ತು, ಅಮ್ಮ ಎದ್ದಿರ್ತಾಳೆ ಅಂತ ಫೋನ್ ಮಾಡ್ದೆ. ಭಜನೆಮನೆ ಈಗ ಬೀಗ ಹಾಕಿದೆ ಅಂತ ಗೊತ್ತಿತ್ತು. ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಬರುತ್ತೆ, ದುಡ್ಡು ಕೊಟ್ಟೋರ ಫೋಟೋ ಫ್ಲೆಕ್ಸಲ್ಲಿ ಆಳೆತ್ತರ ಇರುತ್ತೆ, ಭಜನೆಗೆ ಮಾತ್ರ ಜನ ಇಲ್ಲ. ನಾನು ಅಮ್ಮಂಗೆ ಹೇಳ್ದೆ, ಬೀಗದ ಕೈ ಇಟ್ಕೊಂಡಿದ್ದ ತಾತ ಹೋದ್ಮೇಲೆ ಅಲ್ವಾಮ್ಮ ನಿಂತಿದ್ದು, ಪಾಪ ಪೆಟ್ರೋಮ್ಯಾಕ್ಸ್ ಹಚ್ಚೋದು, ಚಾಪೆ ಹಾಸೋದು ಎಲ್ಲಾ ಅವ್ರೊಬ್ರೇ ಮಾಡ್ತಿದ್ರು.

ಅಮ್ಮ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಅಂದ್ಲು, "ಬಾಗಿಲು ತೆಗೀತಿದ್ದೋರು ಅವ್ರು. ಗುಡಿಸಿ ಸಾರಿಸಿ ರಂಗೋಲಿ ಹಾಕಿ, ಮೂರು ಗಂಟೆಗೆದ್ದು ಅಷ್ಟು ಜನಕ್ಕೂ ಹುಗ್ಗಿಗೆ ಇಡ್ತಿದ್ದಿದ್ದು ನಿಮ್ಮಜ್ಜಿ ಕಣೆ. ಮರ್ತ್ಬಿಟ್ಯಾ?"

ಮರ್ತಿದ್ದೆ. ಹುಗ್ಗಿ ರುಚಿ ನೆನಪಿದೆ, ಎಲೆಯಿಂದ ಜಾರ್ತಿದ್ದ ತುಪ್ಪ ನೆನಪಿದೆ, ಸೌದೆ ಹೊಗೇಲಿ ಕಣ್ಣು ಕೆಂಪಾಗಿ ಸೆರಗಲ್ಲಿ ಒರೆಸ್ಕೊಳ್ತಾ ಕೂತಿರ್ತಿದ್ದ ಅಜ್ಜಿ, ಅಮ್ಮ ಹೇಳಿದ ಮೇಲೆ ಕಣ್ಮುಂದೆ ಬಂದ್ಲು. ಒಲೆ ಇದ್ದಿದ್ದು ಭಜನೆಮನೆ ಹಿಂದುಗಡೆ. "ಒಂದಿನಾನೂ ಒಳಗೆ ಕೂತು ಕೇಳ್ಲಿಲ್ಲ ಅವ್ಳು, ಆದ್ರೂ ಎಲ್ಲಾ ಪದಾನೂ ಬಾಯಿಗೆ ಬರ್ತಿತ್ತು, ಗೋಡೆ ಆಚೆಯಿಂದಾನೇ ಕಲ್ತಿದ್ಲು" ಅಂದ್ಲು ಅಮ್ಮ.

ಈ ಗುರುವಾರ ನಾನು ಅರ್ಧ ಗಂಟೆ ಮುಂಚೇನೇ ಹೋದೆ. ಕುರ್ಚಿ ಹಾಕೋಕೆ ಕೈ ಜೋಡಿಸ್ದೆ. ಹಾಡು ಶುರುವಾಗೋ ಹೊತ್ತಿಗೆ ಪಕ್ಕದ್ಮನೆಯವರಿಗೆ ಇವತ್ತು ಡಬ್ಬಿ ನಾನು ನೋಡ್ಕೋತೀನಿ, ನೀವು ಒಳಗೆ ಹೋಗಿ ಕೂತ್ಕೊಳ್ಳಿ ಅಂದೆ. ಬೇಡ ಬೇಡ ಅಂತಾನೇ ಹೋದ್ರು. ಬಾಗಿಲು ಮುಚ್ಚಿದ ಮೇಲೆ ಹಾಡು ಹೇಗೆ ಕೇಳುತ್ತೆ ಅಂತ ಆಗ ಗೊತ್ತಾಯ್ತು, ಪದ ಗೊತ್ತಾಗಲ್ಲ, ಎಲ್ರೂ ಸೇರಿ ಪಲ್ಲವಿ ಎತ್ಕೊಂಡಾಗ ಮಾತ್ರ ಬಾಗಿಲ ಹಲಗೆ ಸಣ್ಣಗೆ ನಡುಗುತ್ತೆ. ಎರಡು ಹಾಡು ಮುಗೀತಿದ್ದಂಗೆ ಅವ್ರು ಮೆಲ್ಲಗೆ ಆಚೆ ಬಂದ್ರು, ಚಿಲ್ರೆ ಎಣಿಸ್ಬೇಕು ಸರಿ ಅಂತ ನನ್ನ ಎಬ್ಬಿಸಿ ತಮ್ಮ ಜಾಗದಲ್ಲಿ ಕೂತ್ರು. ನಾನು ಒಳಗೆ ಹೋಗ್ಲಿಲ್ಲ, ಅವ್ರ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ.